ಸತ್ಯಾಂಶ: ಸೋಪಿನ ಪುಡಿ ಹಾಕಿದರೆ ಎಂಜಿನ್ ಆಯಿಲ್ ಕರಗಿಹೋಗುತ್ತದೆಯೇ?

"ಹಳೇ ಎಂಜಿನ್ ಆಯಿಲ್‌ಗೆ ಸೋಪಿನ ಪುಡಿ, ಬಿಸಿನೀರು ಬೆರೆಸಿ ಚರಂಡಿಗೆ ಬಿಡಿ, ಏನೂ ಆಗಲ್ಲ" ಎಂಬ ಸಂದೇಶ ಗ್ಯಾರೇಜ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸೋಪು ಎಣ್ಣೆಯನ್ನು ಕರಗಿಸುವುದಿಲ್ಲ, ಸಣ್ಣ ಹನಿಗಳಾಗಿ ಒಡೆಯುತ್ತದೆ ಅಷ್ಟೆ. ನೀರು ಹಾಲಿನಂತೆ ಬೆಳ್ಳಗಾದರೆ ಎಣ್ಣೆ ಅದರೊಳಗೇ ಇದೆ ಎಂದರ್ಥ. ಆ ಹನಿಗಳು ಬೇಗ ಮೇಲೆ ತೇಲುವುದಿಲ್ಲ. ಹಾಗಾಗಿ ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನೂ ದಾಟಿ ಕೆರೆ ಸೇರುತ್ತವೆ.

ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡ್ರಮ್ಮಿನಲ್ಲಿ, ಮಳೆ ತಾಗದ ಕಾಂಕ್ರೀಟ್ ನೆಲದ ಮೇಲಿಡಿ. ಹೀಗೆ ಇಟ್ಟುಕೊಳ್ಳಲು ಸಾಮಾನ್ಯ ಮಿತಿ 90 ದಿನ. ಅಷ್ಟರೊಳಗೆ ಅಧಿಕೃತ ಮರುಸಂಸ್ಕರಣೆದಾರರಿಗೇ ಕೊಡಿ, ರಸೀದಿ ಇಟ್ಟುಕೊಳ್ಳಿ. ಆಯಿಲ್‌ಗೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ), ಥಿನ್ನರ್ (ಬಣ್ಣ ತೆಳುಮಾಡುವ ದ್ರವ) ಬೆರೆಸಬೇಡಿ, ಬೆರೆತ ಆಯಿಲ್ ಸಂಸ್ಕರಣೆಗೆ ಒಗ್ಗುವುದಿಲ್ಲ. ಹಳೇ ಆಯಿಲ್ ಫಿಲ್ಟರನ್ನು ಬಿಸಿಯಿರುವಾಗಲೇ ತೂತುಮಾಡಿ 12 ಗಂಟೆ ಸೋರಲು ಬಿಡಿ. ನೆಲಕ್ಕೆ ಚೆಲ್ಲಿದ್ದಕ್ಕೆ ಮರದ ಹೊಟ್ಟು ಸಾಕು. ಎಣ್ಣೆ ಹೀರಿದ ಹೊಟ್ಟು ಮಾತ್ರ ಕಸದ ಗಾಡಿಗಲ್ಲ.