ಕಾಣೆಯ ದರ ಕಾಣೆ

ಕರಾವಳಿಯ ಮೀನೂಟದ ಹೋಟೆಲಿನ ಮೆನು ಕಾರ್ಡಿನ ಮೊದಲ ಪುಟದಷ್ಟು ಪ್ರಾಮಾಣಿಕ ಸಾಹಿತ್ಯ ಇನ್ನೊಂದಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಇಷ್ಟು, ನೀರುದೋಸೆ ಸೆಟ್ಟಿಗೆ ಇಷ್ಟು, ಹಪ್ಪಳಕ್ಕೆ ಇಷ್ಟು. ಪುಟ ತಿರುಗಿಸಿ ಮೀನಿಗೆ ಬಂದ ಕೂಡಲೇ ಅಂಕಿಗಳೆಲ್ಲ ನೀರಿಗೆ ಹಾರುತ್ತವೆ. ಅಂಜಲ್: ಎಪಿಎಸ್. ಮಾಂಜಿ: ಎಪಿಎಸ್. ಏಡಿ: ಎಪಿಎಸ್. ಕಾಣೆ ಮೀನಿನ ಎದುರಿಗಂತೂ ದರವೂ ಕಾಣೆ. ಎಪಿಎಸ್ ಎಂದರೆ ಆ್ಯಸ್ ಪರ್ ಸೈಜ್, ಗಾತ್ರಕ್ಕೆ ತಕ್ಕಂತೆ. ಯಾರ ಗಾತ್ರಕ್ಕೆ ಎಂದು ಕಾರ್ಡಿನಲ್ಲಿ ಬರೆದಿರುವುದಿಲ್ಲ. ಹಪ್ಪಳದ ದರ ಖಚಿತವಾಗಿ ಗೊತ್ತಿದ್ದು ಮೀನಿನ ದರ ಮಾತ್ರ ಗೊತ್ತಿಲ್ಲದ ಜಾಗಕ್ಕೆ ನಾವು ಮೀನಿನ ಹೋಟೆಲು ಎನ್ನುತ್ತೇವೆ.

ಪ್ಯಾರಿಸ್ ಹತ್ತಿರ ಗಾಜಿನ ಗಂಟೆಯೊಳಗೆ ಇಟ್ಟಿದ್ದ ಲೋಹದ ತುಂಡೊಂದು ನೂರಕ್ಕೂ ಹೆಚ್ಚು ವರ್ಷ ಇಡೀ ಜಗತ್ತಿನ ಕಿಲೋಗ್ರಾಂ ಆಗಿತ್ತು. ಅದರ ತೂಕ ಕೂದಲೆಳೆಗಿಂತ ಕಡಿಮೆ ಏರುಪೇರಾದದ್ದಕ್ಕೇ ವಿಜ್ಞಾನಿಗಳು ತಲೆ ಕೆಡಿಸಿಕೊಂಡು, 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವೆಂಬ, ಎಂದೂ ಬದಲಾಗದ ಅಂಕಿಯ ಆಧಾರದಲ್ಲಿ ಹೊಸ ವ್ಯಾಖ್ಯೆ ಜಾರಿಗೆ ತಂದರು. ನಮ್ಮ ಕಡೆ ಬಂದು ಕೇಳಿದ್ದರೆ ಇಷ್ಟೆಲ್ಲ ಕಷ್ಟ ಇರಲಿಲ್ಲ. ಇಲ್ಲಿ ತೂಕದ ಮೂಲಮಾನ ‘ಮೀಡಿಯಂ’. ಅದಕ್ಕೆ ಗಾಜಿನ ಗಂಟೆ ಬೇಡ, ತಕ್ಕಡಿಯೂ ಬೇಡ.

“ಕಾಣೆ ಎಷ್ಟಾಗುತ್ತೆ?”

“ಅದು ಸೈಜಿನ ಮೇಲೆ ಸರ್.”

“ಸೈಜ್ ಎಷ್ಟಿದೆ?”

“ಮೀಡಿಯಂ ಉಂಟು.”

“ಮೀಡಿಯಂ ಅಂದ್ರೆ?”

“ತುಂಬ ದೊಡ್ಡದಲ್ಲ, ತೀರಾ ಸಣ್ಣದೂ ಅಲ್ಲ. ಒಬ್ಬರಿಗೆ ಸಾಕು. ಇಬ್ಬರಾದ್ರೆ ಎರಡು ತೆಕ್ಕೊಳ್ಳಿ.”

“ಗ್ರಾಂ ಲೆಕ್ಕದಲ್ಲಿ?”

“ನೀವು ತಿಂದು ನೋಡಿ ಸರ್, ಮತ್ತೆ ಹೇಳಿ. ಫ್ರೆಶ್ ಉಂಟು.”

ಇಲ್ಲಿಗೆ ಹೆಚ್ಚಿನವರು ಸೋಲುತ್ತಾರೆ. ಘಟ್ಟದ ಮೇಲಿನಿಂದ ಬಂದವರಾದರೆ, ಮಕ್ಕಳ ಎದುರು ದರ ಕೇಳಿ ಸಣ್ಣವರಾಗುವುದು ಬೇಡವೆಂದು ಮೊದಲೇ ಸೋತಿರುತ್ತಾರೆ. ಎಪಿಎಸ್ ನಿಂತಿರುವುದೇ ಈ ಮರ್ಯಾದೆಯ ಮೇಲೆ.

ಇನ್ನೂ ಪಟ್ಟು ಹಿಡಿದವರಿಗಾಗಿ ಒಳಗಿನಿಂದ ಸ್ಟೀಲಿನ ಟ್ರೇ ಬರುತ್ತದೆ. ನಾಲ್ಕೈದು ಮೀನು ಸಾಲಾಗಿ ಮಲಗಿರುತ್ತವೆ, ಎಲ್ಲವಕ್ಕೂ ಮಸಾಲೆ ಬಳಿದು ಮುಗಿದಿರುತ್ತದೆ. ಮೀನಿನ ತಾಜಾತನ ನೋಡುವುದು ಹೇಗೆಂದು ಮನೆಯಲ್ಲಿ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಕಣ್ಣಿನ ಮೇಲೆ ಮಸಾಲೆ. ಕಿವಿರು ಕೆಂಪಗಿರಬೇಕು, ಕಿವಿರು ಕಿತ್ತು ಹೋಗಿದೆ, ಕೆಂಪು ಮಾತ್ರ ಬ್ಯಾಡಗಿಯದ್ದು. ಬೆರಳಿನಿಂದ ಒತ್ತಿದರೆ ಮಾಂಸ ಪುಟಿದು ಮೇಲೆ ಬರಬೇಕು; ಒತ್ತಲು ಹೋದರೆ ವೇಟರ್ ಟ್ರೇ ಹಿಂದೆ ಎಳೆಯುತ್ತಾನೆ. ಬೆರಳಿಟ್ಟು ತೋರಿಸಿದ ಮೀನೇ ಕಾವಲಿ ಏರುತ್ತದೆ ಎನ್ನುವುದಕ್ಕೂ ಗ್ಯಾರಂಟಿ ಇಲ್ಲ. ಮಸಾಲೆ ಬಳಿದ ಮೇಲೆ ಮೀನುಗಳೆಲ್ಲ ಅವಳಿ ಜವಳಿ. ಗುರುತಿಗೆ ಮೈಮೇಲಿನ ಗೀರುಗಳನ್ನು ಎಣಿಸಿಟ್ಟುಕೊಳ್ಳಬಹುದು. ಆದರೆ ಗೀರು ಹಾಕುವವನೂ ಒಂದೇ ಕೈಯವನು, ಎಲ್ಲದಕ್ಕೂ ಮೂರೇ.

ಮಸಾಲೆ ಮಾಡುವ ಇನ್ನೊಂದು ಉಪಕಾರ ಜಾತಿ ಅಳಿಸುವುದು. ಮಾಂಜಿ ಎಂದರೆ ಪಾಂಫ್ರೆಟ್; ಬಿಳಿ ಮಾಂಜಿಗೂ ಕಪ್ಪು ಮಾಂಜಿಗೂ ದರದಲ್ಲಿ ಅಜಗಜಾಂತರ. ನಿಜಕ್ಕೂ ಕಪ್ಪು ಮಾಂಜಿ ಪಾಂಫ್ರೆಟ್ ಕುಟುಂಬದ್ದೇ ಅಲ್ಲ. ಕೆಂಪು ಮಸಾಲೆಯ ಕೆಳಗೆ ಇಬ್ಬರೂ ಸಮಾನರು. ಕೆಲವೆಡೆ ಇವರ ನಡುವೆ ಕೆರೆಯಲ್ಲಿ ಸಾಕಿದ ರೂಪಚಂದ್ ಕೂಡ ಪಾಂಫ್ರೆಟ್ ಎಂಬ ಬಿರುದು ಹೊತ್ತು ಬಂದು ಮಲಗುತ್ತದೆ. ಪತ್ತೆಗೆ ಸುಲಭ ದಾರಿ ಇದೆ, ತಲೆ ಇದ್ದರೆ ಬಾಯಿ ತೆರೆದು ನೋಡಿ. ರೂಪಚಂದ್‌ಗೆ ಮನುಷ್ಯರಂತೆ ಸಾಲಾಗಿ ಹಲ್ಲುಗಳಿವೆ. ತಟ್ಟೆಯಿಂದ ಮೀನು ನಿಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದ್ದರೆ ಅದಕ್ಕೆ ಕಾರಣ ಇಲ್ಲದಿಲ್ಲ.

ಹೋಗಲಿ, ತೂಕ ಹೇಳಿದರು ಎಂದೇ ಇಟ್ಟುಕೊಳ್ಳೋಣ. ಯಾವ ಹಂತದ ತೂಕ? ತಲೆಸಹಿತ ಅರ್ಧ ಕಿಲೋ ಸಿಗಡಿ, ತಲೆ ಚಿಪ್ಪು ಹೋದ ಮೇಲೆ ಹೆಚ್ಚುಕಡಿಮೆ ಕಾಲು ಕಿಲೋ. ಬೆಂದಾಗ ನೀರು ಬಿಟ್ಟು ಇನ್ನಷ್ಟು ಇಳಿಯುತ್ತದೆ. ಏಡಿಯಲ್ಲಿ ತಿನ್ನಲು ಸಿಗುವುದು ಕಾಲು ಪಾಲೋ ಮೂರನೇ ಒಂದು ಪಾಲೋ, ಉಳಿದದ್ದು ಹಲ್ಲಿಗೆ ವ್ಯಾಯಾಮ. ಅಂಜಲ್‌ನಲ್ಲಿ ಹೊಟ್ಟೆ ಭಾಗದ ತುಂಡು ಅಗಲವಾಗಿ, ನಡುವೆ ಟೊಳ್ಳಾಗಿ, ತಟ್ಟೆ ತುಂಬ ಕಾಣುತ್ತದೆ. ಬಾಲದ ಕಡೆಯದ್ದು ಸಣ್ಣದು, ಗಟ್ಟಿ. ಟ್ರೇಯಲ್ಲಿ ದರ್ಶನ ಕೊಡುವುದು ಹೊಟ್ಟೆ, ಕಾವಲಿಯಿಂದ ಇಳಿಯುವುದು ಬಾಲ, ಬಿಲ್ಲಿನಲ್ಲಿ ಎರಡೂ ‘ಅಂಜಲ್ ತವಾ 1’. ರವಾ ಫ್ರೈ ಹೇಳಿದರಂತೂ ಸೈಜು ಮೀನಿನದೋ ರವೆಯದೋ ಎನ್ನುವ ಜಿಜ್ಞಾಸೆ ಬೇರೆ.

ಇನ್ನು ‘ಫ್ರೆಶ್’. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ಗಂಗೊಳ್ಳಿಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ನಾಡದೋಣಿಗಳಿಗೆ, 10 ಅಶ್ವಶಕ್ತಿವರೆಗಿನ ಮೋಟಾರಿನವಕ್ಕೆ ಮಾತ್ರ ಅವಕಾಶ, ಅದೂ ಕಡಲು ಮನಸ್ಸು ಮಾಡಿದ ದಿನ. ಹೋಟೆಲಿನ ಹೊರಗೆ ಹಲಗೆಯಲ್ಲಿ ಸೀಮೆಸುಣ್ಣದ ಬರಹ: ‘ಇಂದಿನ ತಾಜಾ ಅಂಜಲ್’. ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದಿರಬಹುದಲ್ಲ ಎಂದು ಸಮಾಧಾನ ಪಡಬಹುದು. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಕೇರಳದವರು ಕೊಂಚ ತಡವಾಗಿ, ಜೂನ್ 9ರ ಮಧ್ಯರಾತ್ರಿಗೆ ಟ್ರಾಲರುಗಳನ್ನು ಕಟ್ಟಿ ಹಾಕುತ್ತಾರೆ. ಅಂದರೆ ಜೂನ್ 10ರಿಂದ 14ರವರೆಗೆ ಆ ಬದಿಯಲ್ಲೂ ಈ ಬದಿಯಲ್ಲೂ ಬೋಟುಗಳಿಗೆ ರಜೆ. ಆ ಐದು ದಿನವೂ ಹಲಗೆಯ ಅಂಜಲ್ ‘ಇಂದಿನದ್ದೇ’. ಬಹುಶಃ ಈಜಿಕೊಂಡು ಬಂದು ತಾನೇ ಟೋಕನ್ ತೆಗೆದುಕೊಂಡಿರಬೇಕು.

ನವೆಂಬರಿನಲ್ಲೂ ಈ ‘ಇಂದಿನ’ ಎಂಬ ಪದ ಸ್ವಲ್ಪ ಹಿಗ್ಗುವ ರಬ್ಬರು. ಪರ್ಸೀನ್ ಬೋಟು ಬೆಳಿಗ್ಗೆ ಹೋಗಿ ಅದೇ ದಿನ ಬಂಗುಡೆ ತರುತ್ತದೆ, ಸರಿ. ಆಳಸಮುದ್ರದ ಟ್ರಾಲ್ ಬೋಟು ಹೋದರೆ ಹತ್ತು ಹನ್ನೆರಡು ದಿನ. ಮೊದಲ ದಿನದ ಮೀನು ಐಸಿನಡಿ ಅಷ್ಟೂ ದಿನ ಕಾದು, ಇಂದು ದಡ ಮುಟ್ಟಿದ್ದಕ್ಕೆ ‘ಇಂದಿನದ್ದು’ ಎನಿಸಿಕೊಳ್ಳುತ್ತದೆ. ಮೀನಿನ ತೂಕದಷ್ಟೇ ಐಸು ಹಾಕಿದ್ದರೆ ಅದೇನೂ ಹಾಳು ಮೀನಲ್ಲ. ಐಸಿಗೆ ಜಿಪುಣತನ ತೋರಿದರೆ ಬಂಗುಡೆಯಂಥ ಮೀನಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಏರುತ್ತದೆ, ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ ಮೈ ತುರಿಸುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಆಗ ಗಿರಾಕಿ ಬೈಯುವುದು ಮಾತ್ರ ಪುಳಿಮುಂಚಿಯ ಖಾರಕ್ಕೆ.

ಫ್ರೀಜರಿನ ಮೀನು ಎಂದು ನೇರ ಹೇಳಿದರೆ ಯಾರಿಗೂ ಅವಮಾನವಿಲ್ಲ. ಬೇಗ ಹೆಪ್ಪುಗಟ್ಟಿಸಿ, ಮೈನಸ್ 18 ಡಿಗ್ರಿಯಲ್ಲಿಟ್ಟು, ಫ್ರಿಜ್ಜಿನೊಳಗೆ ನಿಧಾನ ಕರಗಿಸಿದ ಮೀನು ಮರ್ಯಾದಸ್ಥ ಮೀನೇ. ನಡೆಯುವುದು ಬೇರೆ. ಮನೆಯ ಡೀಪ್ ಫ್ರೀಜರಿನಂಥ ಪೆಟ್ಟಿಗೆಗೆ ತುಂಬಿಸುತ್ತಾರೆ, ನಿಧಾನವಾಗಿ ಗಟ್ಟಿಯಾಗುವಾಗ ಒಳಗೆ ದೊಡ್ಡ ಹರಳುಗಳು ಕಟ್ಟಿ ಮಾಂಸದ ಎಳೆ ಹರಿಯುತ್ತದೆ. ಮಧ್ಯಾಹ್ನ ಬಕೆಟಿನಲ್ಲಿ ಮುಳುಗಿಸಿ ಕರಗಿಸುತ್ತಾರೆ, ಖರ್ಚಾಗದ್ದು ಸಂಜೆ ಮತ್ತೆ ಪೆಟ್ಟಿಗೆಗೆ. ಅಂಥದ್ದು ಕಾವಲಿಗೆ ಬಿದ್ದ ಕೂಡಲೇ ನೀರು ಬಿಡುತ್ತದೆ. ಎಣ್ಣೆ ಚಟಚಟ ಎನ್ನುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ, ಮಸಾಲೆ ಮೈ ಬಿಟ್ಟು ಜಾರಿ ಕಾವಲಿಯಲ್ಲಿ ಸೀದು ಹೋಗುತ್ತದೆ. ತಟ್ಟೆಗೆ ಬರುವುದು ಹತ್ತಿಯಂಥ ಬಿಳಿ ಮಾಂಸ, ಪಕ್ಕದಲ್ಲಿ ಕೆರೆದು ಹಾಕಿದ ಕರಿ ಮಸಾಲೆ. ಅದರ ಹೆಸರು ‘ಕ್ರಿಸ್ಪಿ’.

ಅದೇ ಊರಿನ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಬಳಿಯೂ ಎಷ್ಟೋ ಸಲ ತಕ್ಕಡಿ ಇರುವುದಿಲ್ಲ. ಆಕೆಯ ಎಪಿಎಸ್ ಬೇರೆ: “ನೂರಕ್ಕೆ ಐದು, ಬೇಕಾದ್ರೆ ತಗೊಳ್ಳಿ.” ಮೀನು ಕಣ್ಣೆದುರು, ದರ ಮೊದಲು, ಚೌಕಾಸಿ ನಡುವೆ, ಚೀಲ ಕೊನೆಗೆ. ಸಣ್ಣದು ಬಂದ ದಿನ ನೂರಕ್ಕೆ ಎಂಟು. ಸೈಜಿನ ಪ್ರಕಾರ ದರ ಎಂದರೆ ಇದು. ಇಂಗ್ಲಿಷಿನಲ್ಲಿ ಮೂರಕ್ಷರ ಬರೆದು ಲ್ಯಾಮಿನೇಟ್ ಮಾಡಿಸಲು ಆಕೆಗೆ ಹೊಳೆದಿಲ್ಲ, ಅಷ್ಟೇ.

ಹೋಟೆಲಿನ ಅಡುಗೆಮನೆಯಲ್ಲಿ ತಕ್ಕಡಿ ಇಲ್ಲವೆಂದಲ್ಲ. ದಕ್ಕೆಯಿಂದ ಮೀನು ಬಂದಾಗ ಮಾಲಕರು ಗ್ರಾಂ ಬಿಡದೆ ತೂಗಿಸಿಯೇ ಒಳಗೆ ಬಿಡುತ್ತಾರೆ. ಆಮೇಲೆ ತಕ್ಕಡಿ ಮೂಲೆ ಸೇರುತ್ತದೆ, ಮೇಲೆ ಈರುಳ್ಳಿ ಬುಟ್ಟಿ.

ಕೊನೆಗೆ ಸೋಂಪಿನ ಬಟ್ಟಲಿನ ಅಡಿಯಲ್ಲಿ ಬಿಲ್ಲು ಬರುತ್ತದೆ. ‘ಕಾಣೆ ರವಾ ಫ್ರೈ: 2’ ಎಂದಿದೆ, ಮುಂದೆ ಮೊತ್ತ ಇದೆ, ತೂಕದ ಕಾಲಮ್ಮೇ ಇಲ್ಲ. ಕಾರ್ಡಿನಲ್ಲಿ ದರವಿರಲಿಲ್ಲ, ಬಿಲ್ಲಿನಲ್ಲಿ ಸೈಜಿಲ್ಲ. ಎರಡೂ ಒಟ್ಟಿಗೆ ಇದ್ದದ್ದು ವೇಟರಿನ ಬಾಯಲ್ಲಿ ಮಾತ್ರ, ಅವನೀಗ ಮೂರನೇ ಟೇಬಲ್ಲಿನಲ್ಲಿ “ಮೀಡಿಯಂ ಉಂಟು” ಎನ್ನುತ್ತಿದ್ದಾನೆ. ಕೆಳಗೆ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5, ಎರಡೂ ದಶಾಂಶ ಬಿಂದುವಿನಾಚೆಗೆ ಎರಡೆರಡು ಅಂಕಿಯವರೆಗೆ ಕರಾರುವಾಕ್ಕು. ಅದರಡಿ ಇನ್ನೊಂದು ಸಾಲು, ಗಿರಾಕಿಗೆ ಒಂದು ಪೈಸೆಯ ಅನ್ಯಾಯವೂ ಆಗಬಾರದೆಂಬ ಕಾಳಜಿಯಿಂದ ಅಚ್ಚಾದದ್ದು: ‘ರೌಂಡ್ ಆಫ್: ಮೈನಸ್ 0.35’.