ಕಿವಿಯ ಪಾಲು

ಭಾನುವಾರ ಬೆಳಿಗ್ಗೆ ಹಂದಿಮಾಂಸದ ಅಂಗಡಿ ಮುಂದೆ ಅರ್ಧ ಗಂಟೆ ಕಾದು ನಿಂತಿದ್ದೆ. ನನ್ನ ಸರದಿ ಬಂದಾಗ ಹುಡುಗ ತಲೆ ಎತ್ತದೆ ಕೇಳಿದ, "ಬೋನ್‌ಲೆಸ್ಸಾ ಅಂಕಲ್?"

ಅಂಕಲ್ ಅಂದದ್ದನ್ನು ಕ್ಷಮಿಸಿದೆ. ಕನ್ನಡಿ ನಮ್ಮ ಮನೆಯಲ್ಲೂ ಇದೆ. ಕ್ಷಮಿಸಲಾಗದ್ದು ಅವನ ಕಾಲ ಬುಡದಲ್ಲಿತ್ತು. ನೀಲಿ ಪ್ಲಾಸ್ಟಿಕ್ ಬಕೆಟ್ಟು. ಒಳಗೆ ಚರ್ಮದ ಚೂರು, ಕೊಬ್ಬಿನ ಸಿಬಿರು, ಎಲ್ಲದರ ಮೇಲೆ ಜೋಡಿ ಕಿವಿ. ತಟ್ಟೆಯಲ್ಲಿಟ್ಟ ವೀಳ್ಯದೆಲೆಯ ಹಾಗೆ ಒಂದರ ಮೇಲೊಂದು.

"ಅದನ್ನೇನು ಮಾಡ್ತೀಯಪ್ಪ?"

"ಅದಾ? ನಾಯಿಗೆ ಹೋಗುತ್ತೆ."

ನಾಯಿಪಾಲಾಯಿತು ಅಂದರೆ ಹಾಳಾಯಿತು ಎಂದೇ ಎಲ್ಲರೂ ತಿಳಿದಿದ್ದಾರೆ. ಕೊಪ್ಪದ ಕಡೆಯ ನಮ್ಮೂರಲ್ಲಿ, ನಾನು ಹುಡುಗನಾಗಿದ್ದಾಗ, ನಾಯಿಪಾಲು ಅಂದರೆ ನಿಜಕ್ಕೂ ನಾಯಿಯ ಪಾಲು. ಬೇಟೆಯಲ್ಲಿ ಹಂದಿ ಬಿದ್ದರೆ ಬಾಳೆಲೆ ಹಾಸಿ ಮಾಂಸದ ಗುಡ್ಡೆ ಹಾಕುತ್ತಿದ್ದರು. ಈಡು ಹೊಡೆದವನಿಗೆ ಇಷ್ಟು, ಬಿಲ್ಲಿಗೆ, ಅಂದರೆ ಹಂದಿ ಬರುವ ದಾರಿ ಕಾದು, ಕೂತವರಿಗೆ ಇಷ್ಟು, ಹಳು ನುಗ್ಗಿ ಹಂದಿ ಎಬ್ಬಿಸಿದವರಿಗೆ ಇಷ್ಟು, ನಾಯಿ ತಂದವನಿಗೆ ನಾಯಿಯ ಲೆಕ್ಕದಲ್ಲಿ ಇನ್ನೊಂದು ಗುಡ್ಡೆ. ಆ ಗುಡ್ಡೆ ನಾಯಿಯ ಬಾಯಿಗೇ ಹೋಗುತ್ತಿತ್ತೇ ಎಂದು ಕೇಳಬೇಡಿ. ಅಂತೂ ಲೆಕ್ಕದಲ್ಲಿ ನಾಯಿ ಇತ್ತು. ಆದರೆ ನಾಯಿಗೆ ಯಾರೂ ಕಿವಿ ಕೊಟ್ಟದ್ದಿಲ್ಲ.

ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮೊದಲಿನ ಮಾತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಈಗ ಊರ ಕಡೆ ಊಟಕ್ಕೆ ಕೂತಾಗ ಯಾರಾದರೂ ಹತ್ತಿರ ಬಂದು "ಕಾಡಿಂದೇ ಮಾರಾಯ್ರೆ, ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿದರೆ ನಾನು ಅವರ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತೇನೆ. ಎರಡು ಬೆರಳು ದಪ್ಪದ ಬಿಳಿ ಕೊಬ್ಬು, ಹತ್ತಿಯಂಥ ಬಿಳಿಚು ಮಾಂಸ. ಕಾಡುಹಂದಿಯ ಮಾಂಸ ಕಡುಗೆಂಪು, ಅದರ ಕೊಬ್ಬು ತೆಳು. ಇದು ಫಾರಮ್ಮಿನಲ್ಲಿ ಹುಟ್ಟಿ, ಫಾರಮ್ಮಿನಲ್ಲಿ ತಿಂದು, ಒಂದು ದಿನವೂ ಮರದ ನೆರಳು ಕಾಣದ ಬಡಪಾಯಿ. ಕಳ್ಳಬೇಟೆ ಮಾಡುವವನಿಗಿಂತ, ಮಾಡದೆಯೇ ಮಾಡಿದೆ ಅನ್ನುವವನ ಮೇಲೆ ನನಗೆ ಸಿಟ್ಟು ಜಾಸ್ತಿ. ಮೊದಲನೆಯವನಿಗೆ ಜೈಲಾದರೂ ಇದೆ.

ಇಷ್ಟು ವರ್ಷ ತಿಂದು, ತಿನ್ನದೆ ಉಳಿದು, ಕಿವಿಯ ವಿಷಯದಲ್ಲಿ ನಾನು ಕಂಡುಕೊಂಡ ಸತ್ಯ ಒಂದಿದೆ. ಅದನ್ನು ಹೇಳುವ ಮೊದಲು ಮಾವನ ಕತೆ ಹೇಳಬೇಕು.

1969. ನನಗೆ ಹತ್ತು ವರ್ಷ. ಭತ್ತ ತೆನೆ ಬಿಟ್ಟ ಹೊತ್ತಿಗೆ ಒಂಟಿ ಹಂದಿಯೊಂದು ರಾತ್ರಿಯೆಲ್ಲ ಗದ್ದೆಗೆ ಬಿದ್ದು ಉರುಳಾಡಿ ಹೋಗುತ್ತಿತ್ತು. ಮುದಿ ಗಂಡು. ಅಂಥದರ ಹೆಗಲ ಮೇಲಿನ ಚರ್ಮ ಗಟ್ಟಿಯಾಗಿ ಗುರಾಣಿಯ ಹಾಗಾಗಿರುತ್ತದೆ. ಹಂದಿ ಹಂದಿ ಕಾದಾಡುವಾಗ ಕೋರೆ ಇಳಿಯದಿರಲಿ ಎಂದು. ನೆರೆಮನೆಯವರು ಹೊಡೆದ ಈಡು ಆ ಹೆಗಲಿಗೆ ಬಿತ್ತು, ಹಂದಿ ನಿಲ್ಲಲಿಲ್ಲ. ಅಜ್ಜನ ಕೇಪಿನ ಕೋವಿಯ ಈಡು ಬಲಗಿವಿಯನ್ನು ಹರಿದುಕೊಂಡು ಒಳಹೋಯಿತು, ಹಂದಿ ಬಿತ್ತು. ಆಮೇಲೆ ಶುರುವಾಯಿತು ನೋಡಿ ವ್ಯಾಜ್ಯ. ತಲೆ ಈಡಿನವನಿಗೆ ಎನ್ನುವುದು ಕಟ್ಟಳೆ. ಮೊದಲ ಈಡಿನವನೋ, ಬೀಳಿಸಿದವನೋ? ಕತ್ತಲಾಗುವವರೆಗೆ ವಾದ. ಕೊನೆಗೆ ಅಜ್ಜ ಹರಿದ ಕಿವಿ ಹಿಡಿದೆತ್ತಿ, ತೂತಿನಲ್ಲಿ ಹೆಬ್ಬೆರಳು ತೂರಿಸಿ ಪಂಚರಿಗೆ ತೋರಿಸಿದರಂತೆ. ತಲೆ ನಮ್ಮನೆಗೆ ಬಂತು. ನೆರೆಮನೆಯವರು ಎರಡು ವರ್ಷ ನಮ್ಮನೆ ಕಣಕ್ಕೆ ಕಾಲಿಡಲಿಲ್ಲ.

ಅಂಗಳದಲ್ಲಿ ಹುಲ್ಲು ಉರಿಸಿ ತಲೆಯ ಕೂದಲು ಸುಟ್ಟರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇದಕ್ಕೆ ಎರಡು ದಾರಿ ಹೇಳಿದೆ: ಹಂದಿಗೆ ಬಟ್ಟೆ ಹೊದಿಸಿ ಕುದಿನೀರು ಹೊಯ್ಯುವುದು, ಇಲ್ಲವೇ ಹುಲ್ಲಿನ ಬೆಂಕಿ. ಓದು ಬರದ ನಮ್ಮಜ್ಜಿ ಹುಲ್ಲಿನ ಪಕ್ಷ. ಅದೇ ಗ್ರಂಥದಲ್ಲಿ ಇಲಿ ಅಡಿಗೆಯ ಕ್ರಮವೂ ಇದೆ. ಬೋನ್‌ಲೆಸ್ ಮಾಡಿಕೊಡಿ ಎಂದು ರಾಜ ಕೇಳಿದ ಹಾಗೆ ಕಾಣುವುದಿಲ್ಲ.

ಸುಟ್ಟ ಮೇಲೆ ಕತ್ತಿಯಲ್ಲಿ ಹೆರೆಯುವುದು. ಕಪ್ಪು ಹೋಗಿ ಕೆಳಗಿನ ಚರ್ಮ ಹಳದಿಗೆ ತಿರುಗುವವರೆಗೆ ಅಜ್ಜಿ ಬಿಡುತ್ತಿರಲಿಲ್ಲ. ನಾಲಿಗೆಗೆ ಬಿಸಿನೀರು ಹೊಯ್ದು ಮೇಲಿನ ಒರಟು ಸಿಪ್ಪೆ ಸುಲಿಯುವುದು. ಮಿದುಳು ಬಾಳೆಲೆಯಲ್ಲಿ ಸುತ್ತಿ ಕೆಂಡಕ್ಕೆ. ಉಳಿದದ್ದೆಲ್ಲ ಅರಿಶಿನ ಉಪ್ಪು ಹಾಕಿ ಬೆಳಗಿನಿಂದ ಒಲೆ ಮೇಲೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಕಪ್ಪಾಗುವ ಹಾಗೆ ಹುರಿದು ಅರೆದು, ಕೊನೆಗೆ ಉಪ್ಪಾಗೆ ಹುಳಿ. ಕೊಡಗಿನವರು ಇದೇ ಹಣ್ಣಿನ ರಸ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ನಮ್ಮಲ್ಲಿ ಸಿಪ್ಪೆಯನ್ನೇ ಅಟ್ಟದ ಹೊಗೆಗೆ ಒಣಗಿಸುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂದು ಕೊಡಗಿನ ಗೆಳೆಯರ ಎದುರು ನಾನು ಹೇಳಿಲ್ಲ. ಅವರ ಮನೆಯಲ್ಲಿ ಕೋವಿ ಇರುತ್ತದೆ.

ಬಲಗಿವಿ ಸಾಕ್ಷಿ ಹೇಳಿಯೇ ಚಿಂದಿಯಾಗಿತ್ತು. ಉಳಿದದ್ದು ಎಡಗಿವಿ ಒಂದೇ. ಅದು ನನ್ನದು ಎಂದು ಅಜ್ಜಿ ಮೂರು ಸಲ ಹೇಳಿದ್ದರು. ಹುಲ್ಲು ಹೊತ್ತು ತಂದಿದ್ದಕ್ಕೆ ಸಂಬಳ. ಹೊರಗೆ ಅಂಟಂಟು, ಹಲ್ಲಿಗೆ ಸಿಕ್ಕರೆ ಒಳಗಿನ ಮೆದುಮೂಳೆ ಕುರುಂ ಕುರುಂ. ಅಷ್ಟು ಸದ್ದು ಮಾಡುವ ಬಾಡು ಇನ್ನೊಂದಿಲ್ಲ ಎಂದು ಅಣ್ಣಂದಿರು ಹೇಳಿದ್ದರು. ಕಡುಬು ಬೆಂದಿತ್ತು, ಎಲೆ ಹಾಕಿತ್ತು. ಆಗ ಅಂಗಳದಲ್ಲಿ ಕೆಮ್ಮು ಕೇಳಿಸಿತು.

ಅತ್ತೆಯ ಗಂಡ. ಹೇಳದೆ ಕೇಳದೆ ಬಂದಿದ್ದರು. ಅವರ ಊರು ಒಂಬತ್ತು ಮೈಲಿ. ಒಂಬತ್ತು ಮೈಲಿಗೆ ವಾಸನೆ ಹೋಗುತ್ತದೆಯೇ ಎಂದು ಇವತ್ತಿಗೂ ಯೋಚಿಸುತ್ತೇನೆ.

ಕಿವಿ ಅವರ ಎಲೆಗೆ ಬಿತ್ತು. "ಅಜ್ಜೀ, ಅದು ನಂದು ಅಂದಿದ್ರಿ!" ಎಂದೆ. "ಸುಮ್ನಿರು, ಅಳಿಯಂದ್ರು ಬಂದಿದಾರೆ" ಎಂದರು ಅಜ್ಜಿ. ಮಾವ ಕಿವಿಯ ತುದಿ ಹಿಡಿದು, ನನ್ನನ್ನೇ ನೋಡುತ್ತಾ, "ಸಣ್ಣೋರು ಕಿವಿ ತಿಂದ್ರೆ ದೊಡ್ಡೋರ ಮಾತು ಕೇಳಲ್ಲ ಕಣೋ. ಇಕಾ, ನಾಲಿಗೆ ತಿನ್ನು, ಮಾತು ಚುರುಕಾಗುತ್ತೆ" ಎಂದು ಅವರ ಎಲೆಯಿಂದ ಒಂದು ತುಂಡು ನನ್ನ ಎಲೆಗೆ ಎಸೆದರು. ಆಮೇಲೆ ಕುರುಂ. ಆ ಸದ್ದು ಮಾತ್ರ ನನ್ನ ಪಾಲಿಗೆ.

ಅಂದಿನಿಂದ ನಾನು ಮಾತಾಡುತ್ತಲೇ ಇದ್ದೇನೆ. ಕಿವಿ ತಿಂದ ಮಾವ ಸಾಯುವವರೆಗೆ ಯಾರ ಮಾತನ್ನೂ ಕೇಳಲಿಲ್ಲ, ಡಾಕ್ಟರದ್ದು ಸೇರಿ.

ಹೇಳಬೇಕೆಂದಿದ್ದ ಸತ್ಯ ಏನೋ ಇತ್ತು. ಮಾವನ ಹಲ್ಲು ಕಣ್ಣ ಮುಂದೆ ಬಂದರೆ ಅದು ಹಾರಿಹೋಗುತ್ತದೆ.

ಅಂಗಡಿಗೆ ನಾನು ಹೋದದ್ದೂ ಮಾವನ ದೆಸೆಯಿಂದಲೇ. ಹಿರಿಯರಿಗೆ ಎಡೆ ಇಡುವ ದಿನ ಅದು. "ಅಪ್ಪಂಗೆ ಹಂದಿ ಅಂದ್ರೆ ಪ್ರಾಣ, ಬರುವಾಗ ಎರಡು ಕೆಜಿ ತಂದ್ಬಿಡು, ಮೂಳೆ ಬೇಡ" ಎಂದು ಅತ್ತೆಯ ಮಗ ಫೋನು ಮಾಡಿದ್ದ. ಎರಡು ಕೆಜಿ ಬೋನ್‌ಲೆಸ್ ಕಟ್ಟಿಸಿಕೊಂಡೆ. ಬಕೆಟ್ಟಿನ ಕಡೆ ಕೈ ತೋರಿಸಿ ಕಿವಿಗಳನ್ನೂ ಕೇಳಿದೆ. ಹುಡುಗ ಮೊದಲ ಸಲ ತಲೆ ಎತ್ತಿ ನೋಡಿದ.

"ನಾಯಿ ಸಾಕಿದೀರಾ ಅಂಕಲ್?"

"ಹೂಂ" ಎಂದೆ.

ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತೆಯ ಮಗನ ಮನೆಯ ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದೆ. ಅವನ ಹೆಂಡತಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ತೆಗೆದು ನೋಡಿದರೆ ಒಂದು ಕಿವಿ ಸರಿಯಾಗಿತ್ತು, ಇನ್ನೊಂದರಲ್ಲಿ ಫಾರಮ್ಮಿನವರು ಟ್ಯಾಗು ಹೊಡೆದ ತೂತು. ತೂತಿದ್ದದ್ದನ್ನು ಮಾವನ ಎಡೆಗೆ ಇಟ್ಟೆ.