ಬೇಲಿ ಪಕ್ಕ ಬಿಟ್ಟ ಕುರ್ಚಿ ಮನೆಯೊಳಗೆ ಬರಬೇಕೆ?

ಪರ: ಮರ ಕೆಟ್ಟಿಲ್ಲ, ಕೀಲು ಬಿಟ್ಟಿದೆ

ಚಿಕ್ಕಮಗಳೂರಿನಲ್ಲಿ ಸಾಮಾನು ಬೀದಿಗೆ ಬೀಳುವುದಕ್ಕೂ ಒಂದು ಕಾಲವಿದೆ. ಏಪ್ರಿಲ್, ಮೇನಲ್ಲಿ ಬಾಡಿಗೆ ಮನೆ ಬದಲಾಯಿಸುತ್ತಾರೆ. ಮಳೆ ಹಿಡಿಯುವ ಮೊದಲು ಹಳೇ ಹಂಚಿನ ಮನೆ ಕೆಡವುತ್ತಾರೆ. ಆಯುಧಪೂಜೆಗೆ ಅಟ್ಟ ಖಾಲಿಯಾಗುತ್ತದೆ. ಕಸದ ಗಾಡಿಯವರು ಹಸಿಕಸ, ಒಣಕಸ ತೆಗೆದುಕೊಳ್ಳುತ್ತಾರೆಯೇ ಹೊರತು ಮಂಚ ಏರಿಸಿಕೊಳ್ಳುವುದಿಲ್ಲ. ಹಾಗಾಗಿ ಅದು ಗೇಟಿನ ಆಚೆಯೋ ಕರೆಂಟು ಕಂಬದ ಬುಡದಲ್ಲೋ ನಿಲ್ಲುತ್ತದೆ.

ನಿಂತದ್ದರಲ್ಲಿ ಬಹಳಷ್ಟು ಸೌದೆಗೇ ಸರಿ, ಒಪ್ಪೋಣ. ಆದರೆ ನಡುವೆ ಒಂದು ತೇಗದ್ದೋ ಹೊನ್ನೆಯದೋ ಹಲಸಿನದೋ ಇರುತ್ತದೆ. ಅಂಥ ಮರದ ಕುರ್ಚಿಯನ್ನು ಇವತ್ತು ಹೊಸದಾಗಿ ಮಾಡಿಸಲು ಹೊರಟರೆ ಬೆಲೆ ಕೇಳಿಯೇ ವಾಪಸ್ ಬರಬೇಕು. ಕೈಗೆಟಕುವ ಬೆಲೆಗೆ ಅಂಗಡಿಯಲ್ಲಿ ಸಿಗುವುದು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ ಮರದ ಚಿತ್ರದ ಕಾಗದ ಅಂಟಿಸಿದ್ದು. ಮಲೆನಾಡಿನ ಎರಡು ಮಳೆಗಾಲ ಕಂಡರೆ ಅದರ ಅಂಚು ನೆನೆದ ರಸ್ಕಿನ ಹಾಗೆ ಉಬ್ಬುತ್ತದೆ.

ಯಾವುದು ಯಾವುದೆಂದು ತಿಳಿಯಲು ಕುರ್ಚಿಯನ್ನು ತಲೆಕೆಳಗು ಮಾಡಿ. ಪಾಲಿಷ್ ಬೀಳದ ತಳಭಾಗವನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆಯಿರಿ. ತೇಗವಾದರೆ ಕೈಗೆ ಜಿಡ್ಡು ಹತ್ತುತ್ತದೆ, ಹಳೇ ಚರ್ಮದಂಥ ವಾಸನೆ ಬರುತ್ತದೆ. ಹಲಸು ಒಳಗೆ ಹಳದಿ. ತೋಟದ ಸಿಲ್ವರ್ ಓಕಿನಲ್ಲಿ ಮೀನಿನ ಹುರುಪೆಯಂತೆ ಹೊಳೆಯುವ ಮಚ್ಚೆ ಕಾಣುತ್ತದೆ. ಅದೂ ಬಾಳಿಕೆ ಬರುತ್ತದೆ, ಆದರೆ ಹುಳುವಿಗೆ ಬೇಗ ತುತ್ತು. ಆಮೇಲೆ ಸ್ಕ್ರೂಡ್ರೈವರಿನಿಂದ ನಾಲ್ಕೂ ಕಾಲಿನ ಬುಡ ಚುಚ್ಚಿ ನೋಡಿ. ಒಂದೆರಡು ಅಂಗುಲ ಮಾತ್ರ ಮೆತ್ತಗಿದ್ದರೆ ನಾಲ್ಕನ್ನೂ ಸಮ ಕೊಯ್ದು ಗಿಡ್ಡ ಕುರ್ಚಿ ಮಾಡಿಕೊಳ್ಳಬಹುದು. ಸೀಟಿನ ಮಟ್ಟದವರೆಗೂ ಮೆತ್ತಗಿದ್ದರೆ ಬಿಟ್ಟು ನಡೆಯಿರಿ.

ಹಳೇ ಕುರ್ಚಿಯನ್ನು ಜನ ಎಸೆಯುವುದು ಸಾಮಾನ್ಯವಾಗಿ ಅಲ್ಲಾಡುತ್ತದೆ ಎಂಬ ಒಂದೇ ಕಾರಣಕ್ಕೆ. ಅದಕ್ಕೂ ಮೊದಲು ಯಾರೋ ಪುಣ್ಯಾತ್ಮರು ಮೊಳೆ ಹೊಡೆದಿರುತ್ತಾರೆ. ಮೊದಲು ಆ ಮೊಳೆಗಳನ್ನು ಕೀಳಬೇಕು, ಅವು ಕೀಲನ್ನು ಸೀಳುತ್ತಿರುತ್ತವೆ. ಹಳೇ ಕೆಲಸವಾದರೆ ಕೀಲಿನ ಅಡ್ಡಕ್ಕೆ ಬಿದಿರಿನ ಮೊಳೆ ಇರುತ್ತದೆ. ಅದನ್ನು ಹೊರದೂಡದೆ ಕೊಡತಿಯಲ್ಲಿ ಬಡಿದರೆ ಕಾಲೇ ಸೀಳುತ್ತದೆ. ಬಿಚ್ಚಿದ ಮೇಲೆ ಕೀಲಿನ ತೂತಿನಲ್ಲೂ ಅದರೊಳಗೆ ಕೂರುವ ತುದಿಯಲ್ಲೂ ಇರುವ ಹಳೇ ಅಂಟನ್ನು ಉಳಿಯಿಂದ ಪೂರ್ತಿ ಕೆರೆಯಿರಿ. ಒಣಗಿದ ಅಂಟಿನ ಮೇಲೆ ಹೊಸ ಫೆವಿಕಾಲ್ ಹಿಡಿಯುವುದಿಲ್ಲ, ರಿಪೇರಿ ಮಾಡಿದ ಕುರ್ಚಿ ಮತ್ತೆ ಅಲ್ಲಾಡುವುದು ಇಲ್ಲೇ. ತುದಿ ಸಡಿಲವಿದ್ದರೆ ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಬೇಡಿ, ಅದಕ್ಕೆ ಬಲವಿಲ್ಲ. ಮರ ನಯ ಮಾಡುವ ತೋಪಡ ಹೊಡೆದಾಗ ಬರುವ ತೆಳು ಸುರುಳಿಯನ್ನು ತುದಿಗೆ ಅಂಟಿಸಿ ದಪ್ಪ ಮಾಡಿ. ಜೋಡಿಸಿದ ಮೇಲೆ ಕಾಲುಗಳ ಸುತ್ತ ಹಗ್ಗವನ್ನು ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬಂದರೆ ಕುರ್ಚಿ ಸೊಟ್ಟಗಿಲ್ಲ ಎಂದರ್ಥ. ಬೇಸಿಗೆಯಲ್ಲಿ ಒಂದು ದಿನ, ಜುಲೈನಲ್ಲಿ ಎರಡು ದಿನ ಹಗ್ಗ ಬಿಚ್ಚಬಾರದು. ಜುಲೈನಲ್ಲಿ ಫ್ರೆಂಚ್ ಪಾಲಿಷ್ ಅಂತೂ ಬೇಡವೇ ಬೇಡ. ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತದೆ.

ಗುಂಡುಸೂಜಿಯ ತಲೆಯಷ್ಟು ತೂತು ಕಂಡ ಕೂಡಲೇ ಹೆದರಬೇಕಿಲ್ಲ. ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ, ಹದಿನೈದು ದಿನ ಜಗುಲಿಯಲ್ಲೇ ಇಡಿ. ಮೈದಾದಂಥ ಹೊಸ ಪುಡಿ ಬಿದ್ದರೆ ಕುಟ್ಟೆ ಹುಳು ಜೀವಂತವಿದೆ. ಆಗ ಪಾಲಿಷ್ ಪೂರ್ತಿ ತೆಗೆದು, ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೊರಾಕ್ಸ್, 40 ಗ್ರಾಂ ಬೋರಿಕ್ ಪುಡಿ ಕರಗಿಸಿ ಎರಡು ಮೂರು ಸಲ ಬಳಿಯಿರಿ.

ಕಬ್ಬಿಣದ ಬೀರು ಇನ್ನೂ ಸುಲಭ. ತುಕ್ಕು ಬರುವುದು ನೆಲಕ್ಕೆ ತಾಗುವ ಆರು ಅಂಗುಲದಲ್ಲಿ. ತಂತಿ ಬ್ರಷ್ಷಿನಲ್ಲಿ ಉಜ್ಜಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದರಾಯಿತು. ಆಳೆತ್ತರದ ಬೀರುವಿನ ಹೊರಮೈಗೆ ಒಂದು ಸಲ ಬಳಿಯಲು ಅರ್ಧ ಲೀಟರ್ ಸಾಕು. ನಿಧಾನ ತಿರುಗುವ ಸೀಲಿಂಗ್ ಫ್ಯಾನಿಗೆ ಬಹಳ ಸಲ ಬೇಕಾಗುವುದು ಒಂದು 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟೆ. ಹಾಸಿಗೆ, ದಿಂಬು, ಸೋಫಾದ ಸ್ಪಂಜು, ಗ್ಯಾಸ್ ಒಲೆ ಇವನ್ನು ನಾವೂ ಮುಟ್ಟುವುದಿಲ್ಲ.

ಗೇಟಿನ ಒಳಗಿದ್ದರೆ ಒಂದು ಮಾತು ಕೇಳಿ: "ಅಮ್ಮಾ, ಈ ಕುರ್ಚಿ ಬೇಡ್ವಾ? ತಗೊಂಡು ಹೋಗ್ಲಾ?" ಎತ್ತಿಕೊಂಡು ಹೋದರೆ ಸಾಕಪ್ಪಾ ಎನ್ನುವವರೇ ಜಾಸ್ತಿ.

ವಿರೋಧ: ಮೂರು ದಿನ ಯಾರೂ ಮುಟ್ಟದ ಮಂಚ

ಬೀದಿಯ ಸಾಮಾನಿಗೆ ಒಂದು ಸರತಿ ಇದೆ. ಒಳ್ಳೆಯದನ್ನು ಮೊದಲು ನೆಂಟರು ಕೇಳುತ್ತಾರೆ, ಆಮೇಲೆ ಮನೆಗೆಲಸಕ್ಕೆ ಬರುವವರು. ಮನೆ ಕೆಡವುವ ಗುತ್ತಿಗೆದಾರ ಬಾಗಿಲು, ಕಿಟಕಿ, ಕಂಬಗಳಿಗೆ ಮೊದಲೇ ಲೆಕ್ಕ ಹಾಕಿರುತ್ತಾನೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೆಳಗಾಗುವುದರೊಳಗೆ ಗುಜರಿ ತಕ್ಕಡಿ ಏರುತ್ತದೆ. ಇಷ್ಟು ಕಣ್ಣು ದಾಟಿ ಮೂರು ದಿನ ಕಂಬದ ಬುಡದಲ್ಲಿ ಉಳಿದ ಮಂಚ ಯಾಕೆ ಉಳಿಯಿತು ಎಂದು ಕೇಳಿಕೊಳ್ಳಬೇಕು. ತೇಗದ ಕುರ್ಚಿ ಸಿಕ್ಕಿದವರು ಊರಿಗೆಲ್ಲ ಹೇಳುತ್ತಾರೆ, ತಿಗಣೆ ಸಿಕ್ಕಿದವರು ಬಾಯಿ ಬಿಡುವುದಿಲ್ಲ.

ತಿಗಣೆ ಹಾಸಿಗೆಯಲ್ಲಿ ಮಾತ್ರ ಇರುತ್ತದೆ ಎಂಬುದು ತಪ್ಪು. ಮಂಚದ ಸ್ಕ್ರೂ ತೂತು, ಕೀಲಿನ ಸಂದು, ಬೆತ್ತದ ಹೆಣಿಗೆಯ ಅಡಿ ಅದಕ್ಕೆ ಇನ್ನೂ ಪ್ರೀತಿಯ ಜಾಗ. ಮಸಿ ಚುಕ್ಕೆ ಇಟ್ಟಂತೆ ಕಪ್ಪು ಕಲೆ ಇದ್ದರೆ ಅದರ ಹಿಕ್ಕೆ ಎಂದು ತಿಳಿಯಿರಿ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ಹದಿನೈದು ದಿನ ಜಗುಲಿಯಲ್ಲಿಟ್ಟರೆ ಹೋಗುವುದಿಲ್ಲ. ಸುಮಾರು 50 ಡಿಗ್ರಿ ಬಿಸಿ ಮರದ ಒಳಗಿನ ಸಂದಿಗೂ ಮುಟ್ಟಿದರೆ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗಿಸಲೇ ಬಿಸಿಲಿಲ್ಲ. ಕುದಿಯುವ ನೀರು ಹೊಯ್ದರೂ ಮೊಟ್ಟೆ ಉಳಿದಿರಬಹುದೆಂದು ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ಸಲ ಹೊಯ್ಯಬೇಕು. ಅಷ್ಟರಲ್ಲಿ ನೆನೆದ ಕೀಲು ಬಿಟ್ಟಿರುತ್ತದೆ.

ಕಪ್ಪು ಕಾಗದದ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ಪುಡಿ ಬಿದ್ದರೆ ಹುಳು ಇದೆ ಎನ್ನುವುದು ನಿಜ. ಬೀಳದಿದ್ದರೆ ಇಲ್ಲ ಎನ್ನಲಾಗದು. ಮರಿಹುಳು ತಿಂಗಳುಗಟ್ಟಲೆ ಒಳಗೇ ಕೊರೆಯುತ್ತ, ಪುಡಿಯನ್ನು ತನ್ನ ಹಿಂದೆಯೇ ತುಂಬಿಕೊಳ್ಳುತ್ತ ಹೋಗುತ್ತದೆ. ತೂತು ಕಾಣುವುದು ರೆಕ್ಕೆ ಬಂದು ಹೊರಬರುವಾಗ. ಬೊರಾಕ್ಸ್ ನೀರು ಕೂಡ ಒಣ ಮರದಲ್ಲಿ ಮೇಲ್ಪದರ ದಾಟಿ ಹೆಚ್ಚು ಇಳಿಯುವುದಿಲ್ಲ. ತೇಗದ ತಿರುಳಿಗೆ ಈ ಹುಳು ಬರುವುದಿಲ್ಲ, ಸರಿ. ಆದರೆ ಬೀದಿಯಲ್ಲಿ ಸಿಗುವ ಬಹುಪಾಲು ಸಿಲ್ವರ್ ಓಕ್, ಮಾವು, ಪ್ಲೈವುಡ್. ಅದನ್ನು ತಂದು ಅಜ್ಜನ ಕಾಲದ ಕಪಾಟಿನ ಪಕ್ಕ ಇಟ್ಟರೆ ಕಪಾಟಿನಲ್ಲಿರುವ ಬಿಳಿಮರಕ್ಕೂ (ತಿರುಳಿನ ಸುತ್ತ, ತೊಗಟೆ ಕಡೆಯ ಮರ) ಹಾದಿ ತೋರಿಸಿದಂತೆ.

ಇದಕ್ಕಿಂತ ದೊಡ್ಡ ಚಿಂತೆ ಬಣ್ಣದ್ದು, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಹಸಿರು ಕಿಟಕಿ, ಹಳದಿ ತೊಟ್ಟಿಲು, ಕೆಂಪು ಸ್ಟೂಲುಗಳಲ್ಲಿ ಎಷ್ಟಿದೆಯೋ ನೋಡಿ ಹೇಳಲಾಗದು. ಒಣ ಉಪ್ಪುಕಾಗದ ಹಾಕಿ ಜಗುಲಿಯಲ್ಲಿ ಉಜ್ಜಿದರೆ ದೂಳು ನೆಲದಲ್ಲಿ ಕೂರುತ್ತದೆ, ಅಂಬೆಗಾಲಿನ ಮಗು ಅದೇ ಕೈ ಬಾಯಿಗಿಡುತ್ತದೆ. ಉಜ್ಜಲೇಬೇಕಿದ್ದರೆ ನೀರು ಹಾಕಿಕೊಂಡು, ಮನೆಯ ಹೊರಗೆ, ಮಾಸ್ಕ್ ಕಟ್ಟಿ ಉಜ್ಜಿ, ಬಂದ ಕೆಸರನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ. ತೊಟ್ಟಿಲನ್ನಂತೂ ತರಲೇಬೇಡಿ.

ಕೆಡವಿದ ಮನೆಯ ತೇಗ, ಬೀಟೆಯ ತೊಲೆ ಪುಕ್ಕಟೆ ಸಿಕ್ಕಿತೆಂದು ಗೂಡ್ಸ್ ಆಟೋಗೆ ಹೇರುವವರಿಗೆ ಇನ್ನೊಂದು ಮಾತು. ಮರ ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ರಹದಾರಿ ಕೇಳುತ್ತಾರೆ. ಹಳೇ ಮನೆಯದು ಎಂದು ಚೆಕ್‌ಪೋಸ್ಟಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ. ಹೊರಡುವ ಮೊದಲೇ ಇಲಾಖೆಯಲ್ಲಿ ಕೇಳಿ.

ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ, ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್. ಬಿಚ್ಚಬೇಡಿ. ಕಬ್ಬಿಣದ ಬೀರು ಸುಲಭ ಎಂದರು. ತಳ್ಳುಗಾಡಿಯಲ್ಲಿ ಊರು ಸುತ್ತಿ ತೂಕಕ್ಕೆ ಮಾರುವವನಿಗೆ ಆ ಬೀರು ಆ ದಿನದ ಒಲೆ ಉರಿಸುತ್ತದೆ. ಸಂಬಳದ ಮನೆಯವರು ಹವ್ಯಾಸಕ್ಕೆ ಅವನಿಗಿಂತ ಮುಂಚೆ ಕೈ ಹಾಕುವುದು ಅಷ್ಟು ಚಂದವಲ್ಲ.

ಇನ್ನು ಮೂರು ದಾರಿ ಸೇರುವಲ್ಲಿ ಬಿಟ್ಟ ಚಾಪೆ, ದಿಂಬು. ತೀರಿಕೊಂಡವರದ್ದೆಂದು ಊರವರು ಮುಟ್ಟುವುದಿಲ್ಲ. ಕಾರಣ ಶಾಸ್ತ್ರದ್ದಿರಲಿ ರೋಗದ್ದಿರಲಿ, ಈ ವಿಷಯದಲ್ಲಿ ಹಿರಿಯರ ಮಾತಿಗೆ ತಕರಾರಿಲ್ಲ.

ತರಬಹುದಾದದ್ದು ಒಂದಿದೆ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಹಿತ್ತಲಿಗೆ, ಹಿತ್ತಲಿನಿಂದ ಬೀದಿಗೆ ಉರುಳಿದ ಒರಳುಕಲ್ಲು. ಹುಳು ಹಿಡಿಯದು, ಬಣ್ಣವಿಲ್ಲ, ಗುಜರಿಯವನಿಗೂ ಬೇಡ. ಎತ್ತಲು ಇಬ್ಬರು ಬೇಕು. ಒಳಗೆ ಕನ್ನಡಿಯ ಹಾಗೆ ನುಣುಪಾಗಿದ್ದರೆ ಹಿಟ್ಟು ಅರೆಯುವುದಿಲ್ಲ, ಕಲ್ಲು ಕುಟ್ಟಿಸಬೇಕು. ಉಳಿ, ಸುತ್ತಿಗೆ ಹಿಡಿದು "ಒರಳು ಕುಟ್ಟೋದೈತಾ" ಎಂದು ಕೂಗುತ್ತ ಬರುವವರು ಮಾತ್ರ ಈಗ ಅಪರೂಪ.